ಬಾಡಿಗೆ ಮನೆ ಮತ್ತು ನಾನು ಅಚ್ಚು ಹಾಕಿದ ಕಾಗದ

(ರಾಣೆಬೆನ್ನೂರಿನಲ್ಲಿ ಸೇರಿದ್ದ ಕನ್ನಡ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ನಾನು ಭಾಷಣಕಾರನಲ್ಲ. ಭಾಷಣಕಾರರ ಕರಪತ್ರ ಅಚ್ಚು ಹಾಕುವವನು. ಓದಿದ್ದು ಪಿಯುಸಿ, ಅದೂ ಕಾಮರ್ಸ್. ಅಪ್ಪ ಕಾಲಿನಿಂದ ತುಳಿಯುವ ಟ್ರೆಡಲ್ ಮೆಷಿನ್ ಇಟ್ಟುಕೊಂಡು ಮೊಳೆ ಜೋಡಿಸುತ್ತಿದ್ದರು, ನಾನು ಆಫ್‌ಸೆಟ್ ತಂದೆ, ಈಗ ಫ್ಲೆಕ್ಸ್ ನನ್ನನ್ನು ನುಂಗುತ್ತಿದೆ. ಇಷ್ಟೇ ನನ್ನ ಚರಿತ್ರೆ. ನಿಮ್ಮ ಸಂಘಟನೆಯ ಹುಡುಗರು ಬಂದು, "ಅಣ್ಣಾರ, ಕನ್ನಡದ ಬಗ್ಗೆ ನೀವೂ ನಾಕು ಮಾತು ಹೇಳ್ರಿ" ಅಂದರು. ಕನ್ನಡದ ಹಿರಿಮೆ, ಗರಿಮೆ, ಎರಡು ಸಾವಿರ ವರ್ಷದ ಇತಿಹಾಸ, ಇವನ್ನೆಲ್ಲ ಹೇಳಲು ದೊಡ್ಡವರಿದ್ದಾರೆ. ನಾನು ಮನೆ ಬಾಡಿಗೆಯ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಬಾಡಿಗೆಗೆ ಇದ್ದೀರಿ, ಇಲ್ಲವೇ ನಾಳೆ ಇರುತ್ತೀರಿ. ಇನ್ನರ್ಧ ಜನರ ಅಪ್ಪಂದಿರು ಹಳೇ ಮನೆ ರಿಪೇರಿ ಮಾಡಿಸಿ, ಬಣ್ಣ ಬಳಿಸಿ, ಬೋರ್ಡು ತೂಗುಹಾಕಿ ಕಾಯುತ್ತಿದ್ದಾರೆ. ಆ ಬೋರ್ಡು ಅಚ್ಚು ಹಾಕಿದವನು ನಾನು. ಹಾಗಾಗಿ ನನಗೂ ಸ್ವಲ್ಪ ಮಾತಾಡುವ ಹಕ್ಕಿದೆ.

1997ರ ಆಗಸ್ಟ್ 24ಕ್ಕೆ ಹಾವೇರಿ ಜಿಲ್ಲೆ ಆಯಿತು. ಅಲ್ಲಿಯತನಕ ನಾವು ಧಾರವಾಡ ಜಿಲ್ಲೆಯವರು, ಸಣ್ಣ ಕೆಲಸಕ್ಕೂ ಧಾರವಾಡದ ಬಸ್ಸು ಹತ್ತಬೇಕಿತ್ತು. ಆಗ ನಾನು ಪಿಯುಸಿ ಹುಡುಗ. ಜಿಲ್ಲೆ ಬಂತೆಂದು ಪಟಾಕಿ ಹೊಡೆದೆವು. ನಮಗಿಂತ ಖುಷಿಪಟ್ಟವರು ಹಾವೇರಿಯ ಮನೆ ಮಾಲೀಕರು! ಕಚೇರಿ ಬಂದವು, ಕಚೇರಿಯ ಹಿಂದೆ ಸಾಹೇಬರು ಬಂದರು, ಗುಮಾಸ್ತರು ಬಂದರು, ಅವರಿಗೆ ಮನೆ ಬೇಕು. ಪಡಸಾಲೆಗೆ ಅಡ್ಡಗೋಡೆ ಕಟ್ಟಿ ಎರಡು ಮನೆ ಮಾಡಿದರು. ದನದ ಕೊಟ್ಟಿಗೆಗೆ ನೆಲ ಹಾಸಿ 'ಸಿಂಗಲ್ ರೂಮ್' ಎಂದರು. ಹಾವೇರಿಯಲ್ಲಿ ಸಿಗದವರು ರಾಣೆಬೆನ್ನೂರಿಗೆ ಬಂದು ಇಲ್ಲಿಂದ ದಿನಾ ಬಸ್ಸಿನಲ್ಲಿ ಓಡಾಡಿದರು. ಆಮೇಲೆ ದೇವಗಿರಿಯ ಗುಡ್ಡದ ಕಡೆ ಜಿಲ್ಲಾಡಳಿತ ಭವನ ಆಯಿತು, ಈಚೆಗೆ ಮೆಡಿಕಲ್ ಕಾಲೇಜು ಬಂತು, 2023ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಒಂದೊಂದು ಬೋರ್ಡು ಏಳುವಾಗಲೂ ಹಳೇ ಮನೆಗಳ ಮಾಳಿಗೆ ಇಳಿದು ಆರ್‌ಸಿಸಿ ಏರಿತು.

ನಮ್ಮದೂ ಹಾಗೆಯೇ. ರಾಣೆಬೆನ್ನೂರಿನ ಹಳೇ ಊರಿನ ಓಣಿಯಲ್ಲಿ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಎರಡು ಮೊಳ ದಪ್ಪದ ಗೋಡೆ, ಜಂತಿ, ತೊಲೆ, ಬೆಳಕಿಂಡಿ. ಪಡಸಾಲೆಯ ಮೂಲೆಯಲ್ಲಿ ಹಗೇವು. ನಿಮ್ಮಲ್ಲಿ ಎಷ್ಟು ಜನ ಹಗೇವು ನೋಡಿದ್ದೀರೋ ಗೊತ್ತಿಲ್ಲ. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಅಜ್ಜ ಮೊದಲು ಕಂದೀಲು ಇಳಿಬಿಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಮನುಷ್ಯ ಇಳಿಯಬಾರದು. ಇಳಿದು ಸತ್ತವರ ಕಥೆ ನಮ್ಮ ಕಡೆ ಪ್ರತಿ ಊರಲ್ಲೂ ಇದೆ. ಈ ಹಗೇವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಮ್ಮ ಹುಬ್ಬಳ್ಳಿ ಸೇರಿದ. ತಂಗಿಯನ್ನು ಬ್ಯಾಡಗಿಗೆ ಕೊಟ್ಟೆವು. ನಾನು ಮೇಡ್ಲೇರಿ ರಸ್ತೆಯ ಕಡೆ ಮನೆ ಮಾಡಿದೆ. ಹಳೇ ಮನೆ ಸೋರತೊಡಗಿತು. 2018ರಲ್ಲಿ ಮೂವರೂ ಕೂಡಿ ದುಡ್ಡು ಹಾಕಿ ರಿಪೇರಿ ಮಾಡಿಸಿದೆವು. ತಂಗಿಯನ್ನು ಯಾಕೆ ಕೇಳಿದಿರಿ ಎಂದು ಓಣಿಯ ಹಿರಿಯರು ಮೂಗು ಮುರಿದರು. ಕೇಳಲೇಬೇಕು ಸ್ವಾಮಿ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಬಾಡಿಗೆಗೆ ಹೋಗುವವರೂ ಇದನ್ನು ತಿಳಿದಿರಬೇಕು. ಹಿರಿಯರ ಮನೆ ಎಂದರೆ ಒಬ್ಬನ ಮನೆಯಲ್ಲ. ಅಣ್ಣ ಡಿಪಾಜಿಟ್ ಇಸಕೊಂಡಿರುತ್ತಾನೆ, ಆರು ತಿಂಗಳಿಗೆ ತಮ್ಮ ಬಂದು "ನಿಮ್ಮನ್ನ ಯಾರು ಇಟ್ಟವ್ರು?" ಅನ್ನುತ್ತಾನೆ. ದುಡ್ಡು ಎಣಿಸುವ ಮೊದಲು ನಗರಸಭೆಯ ಉತಾರ ತೋರಿಸಿ ಎಂದು ಕೇಳಿ. ಉತಾರದಲ್ಲಿ ಇನ್ನೂ ಸತ್ತ ಅಜ್ಜನ ಹೆಸರಿದ್ದರೆ ಮಕ್ಕಳೆಲ್ಲರ ಸಹಿ ಕೇಳಿ. ಸಿಟ್ಟಾದರೆ ಬೇರೆ ಮನೆ ನೋಡಿ. ಬಾಡಿಗೆ ಬೇಡ, ಮೂರು ಲಕ್ಷ ಒಟ್ಟಿಗೆ ಕೊಟ್ಟು ಲೀಸಿಗೆ ಇರಿ ಎನ್ನುವ ಮನೆಯಾದರಂತೂ ಇನ್ನೂ ಎಚ್ಚರ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದ್ದರೆ ನಿಮ್ಮ ಮೂರು ಲಕ್ಷ ತುಂಗಭದ್ರೆಯಲ್ಲಿ ಹೋದ ಹಾಗೆ.

ನಮ್ಮ ರಿಪೇರಿಗೆ ಬರೋಣ. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದೆವು. ಗೋಡೆ ಅರ್ಧ ಹಳೆಯದು, ಅರ್ಧ ಹೊಸದು. ನೆಲಕ್ಕೆ ಹೊಳೆಯುವ ಟೈಲ್ಸ್. ಹಗೇವಿನ ಮಾತು ಬಂತು. ಪೂರ್ತಿ ತುಂಬಿ, ನೀರು ಬಿಟ್ಟು, ಬಡಿದು, ಕಾಂಕ್ರೀಟ್ ಹಾಕಬೇಕೆಂದರೆ ಇನ್ನಷ್ಟು ಖರ್ಚು. ಮೇಸ್ತ್ರಿ ಅಂದ: "ಕೆಡವಿದ ಮಣ್ಣ ಐತಲ್ರೀ, ಅದನ್ನ ತುಂಬಿ ಕಲ್ಲು ಮುಚ್ಚಿ ಟೈಲ್ಸ್ ಹಾಕಿಬಿಡೂಣು, ಯಾರಿಗೆ ಗೊತ್ತಾಗತೈತಿ?" ಯಾರಿಗೂ ಗೊತ್ತಾಗಲಿಲ್ಲ. ನನಗೆ ಮಾತ್ರ ಗೊತ್ತಿತ್ತು.

2019ರ ಜನವರಿಯಲ್ಲಿ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಹೆಂಡತಿ, ಸಣ್ಣ ಕೂಸಿನೊಂದಿಗೆ ಬಂದ. ಬಾಡಿಗೆ 6,500, ಡಿಪಾಜಿಟ್ 40,000. ಕರಾರು ಪತ್ರ ಬೇಕಲ್ಲ? ನನ್ನ ಪ್ರೆಸ್ಸಿನಲ್ಲೇ ಫಾರ್ಮು ಇತ್ತು. ಎಷ್ಟೋ ವರ್ಷದ ಹಿಂದೆ ಬೆಂಗಳೂರಿನಿಂದ ಯಾರೋ ತಂದುಕೊಟ್ಟ ಇಂಗ್ಲಿಷ್ ನಮೂನೆ. ಅದನ್ನೇ ಸಾವಿರಗಟ್ಟಲೆ ಅಚ್ಚು ಹಾಕಿ ಮಾರಿದ್ದೇನೆ, ಹಾವೇರಿ, ಬ್ಯಾಡಗಿ, ಹಿರೇಕೆರೂರ, ಎಲ್ಲ ಕಡೆ ಹೋಗಿದೆ. ಪ್ರತಿ ನವೆಂಬರ್‌ನಲ್ಲಿ ನಿಮ್ಮ ಕನ್ನಡದ ಬಾವುಟ, ಕನ್ನಡದ ಕರಪತ್ರ; ಉಳಿದ ಹನ್ನೊಂದು ತಿಂಗಳು ಇಂಗ್ಲಿಷ್ ಕರಾರು! ಒಬ್ಬನಾದರೂ, "ಇದು ಕನ್ನಡದಾಗ ಇಲ್ಲೇನ್ರಿ?" ಎಂದು ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿದ್ದರೆ ಕಾಗದಕ್ಕೆ ತೂಕ ಎಂದು ನಾವೇ ನಂಬಿಕೊಂಡಿದ್ದೇವೆ. ಆ ಹುಡುಗ ಓದಲಿಲ್ಲ, ಸಹಿ ಮಾಡಿದ. ನಾನೂ ಓದಿರಲಿಲ್ಲ. ಹೆಸರು, ಬಾಡಿಗೆ, ತಾರೀಖು ಇಷ್ಟೇ ತುಂಬುವುದು ನನಗೆ ಗೊತ್ತಿದ್ದದ್ದು.

ಆ ವರ್ಷದ ಆಗಸ್ಟ್ ಮಳೆ ನೆನಪಿದೆಯಲ್ಲ? ವರದಾ, ಧರ್ಮಾ, ತುಂಗಭದ್ರಾ ಎಲ್ಲ ಉಕ್ಕಿದವು. ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ನಮ್ಮದು ಸ್ಲ್ಯಾಬಿನ ಮನೆ, ನಮಗೇನು ಎಂದು ನಿಶ್ಚಿಂತೆಯಿಂದಿದ್ದೆ. ಒಂದು ರಾತ್ರಿ ಹನ್ನೊಂದಕ್ಕೆ ಫೋನು. ಹೋಗಿ ನೋಡಿದರೆ ಪಡಸಾಲೆಯ ಮೂಲೆ ಬಾಯಿ ತೆರೆದಿದೆ. ಕಬ್ಬಿಣದ ಕಪಾಟು ಓರೆಯಾಗಿ ಅರ್ಧ ಒಳಗೆ ಇಳಿದಿದೆ. ಟೈಲ್ಸ್ ಬಿಸ್ಕತ್ತಿನಂತೆ ಮುರಿದಿವೆ. ಕಪಾಟಿನಿಂದ ಎರಡೇ ಹೆಜ್ಜೆ ಆಚೆಗೆ ಕೂಸಿನ ತೊಟ್ಟಿಲು. ಆ ಹೆಣ್ಣುಮಗಳು ಕೂಸನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಮಾತಾಡಲಿಲ್ಲ. ಹುಡುಗ ಕೇಳಿದ: "ಇದರ ಕೆಳಗ ಏನೈತ್ರೀ ಯಜಮಾನ್ರ?"

ನಾನು ಹೇಳಿದೆ: "ಮಳಿ ನೀರು ಇಳದಿರಬೇಕ ನೋಡ್ರಿ."

ಆ ಮಾತು ಇವತ್ತಿಗೂ ನನ್ನ ಗಂಟಲಲ್ಲಿದೆ.

ಅವರು ಒಂದು ತಿಂಗಳೊಳಗೆ ಬಿಟ್ಟುಹೋದರು. ಲೆಕ್ಕ ಮಾಡುವಾಗ ತಮ್ಮ ಹುಬ್ಬಳ್ಳಿಯಿಂದ ಬಂದಿದ್ದ. ಫಾರ್ಮಿನಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು, ಎಲ್ಲ ರಿಪೇರಿ ಬಾಡಿಗೆದಾರನದೇ ಅಂತ ಬರೆದಿದೆ ಎಂದ. ನೆಲ ಸರಿಮಾಡಿಸಲು 7,500, ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ 6,500, ಒಟ್ಟು 14,000 ಹಿಡಿದುಕೊಂಡು ಉಳಿದದ್ದು ಕೊಟ್ಟೆವು. ಹುಡುಗ ಕಾಗದ ತಿರುಗಿಸಿ ತಿರುಗಿಸಿ ನೋಡಿದ. ಸಹಿ ತನ್ನದೇ. ಏನೂ ಅನ್ನದೆ ಹೋದ. ಕನ್ನಡ ಶಾಲೆಯಲ್ಲಿ ಕಲಿತ ಕನ್ನಡಿಗ ಹುಡುಗನನ್ನು, ಕನ್ನಡ ಮಾತ್ರ ಚೆನ್ನಾಗಿ ಬಲ್ಲ ನಾನು, ಇಬ್ಬರಿಗೂ ಬರದ ಭಾಷೆಯಲ್ಲಿ ಬಾಯಿ ಮುಚ್ಚಿಸಿದ್ದೆ.

ಎರಡು ವರ್ಷದ ಮೇಲೆ ಲೆಟರ್‌ಹೆಡ್ ಮಾಡಿಸಲು ಬಂದ ಒಬ್ಬ ವಕೀಲರು ಆ ಫಾರ್ಮು ನೋಡಿ ನಕ್ಕರು. ಕೂಡಿಸಿಕೊಂಡು ಓದಿ ಕನ್ನಡದಲ್ಲಿ ಹೇಳಿದರು. ನಾನು ಕೇಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ, ಕಿವಿಗೊಟ್ಟು ಕೇಳಿ.

ನಮ್ಮ ರಾಜ್ಯದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ, 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಹೆಸರು ದೊಡ್ಡದು, ಕೈ ಗಿಡ್ಡ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಬೇರೆ ಊರುಗಳಲ್ಲಿ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆ ಇದರ ಹೊರಗೆ. ಇವತ್ತು ಎರಡು ಸಾವಿರಕ್ಕೆ ಎಲ್ಲಿ ಮನೆ ಸಿಗುತ್ತದೆ ಹೇಳಿ? ಇನ್ನೊಂದು ಚಮತ್ಕಾರ ಇದೆ. ಹೊಸದಾಗಿ ಕಟ್ಟಿದ ಮನೆಗಷ್ಟೇ ಅಲ್ಲ, ಬಹುಪಾಲು ಹೊಸದು ಮಾಡಿದ ಹಳೇ ಮನೆಗೂ ಹದಿನೈದು ವರ್ಷ ಈ ಕಾಯ್ದೆ ತಾಗುವುದಿಲ್ಲ. ಮುಕ್ಕಾಲು ಪಾಲು ಹೊಸದಾಗಿ ಕಟ್ಟಿರಬೇಕು ಎಂದು ಷರತ್ತು. ಅಂದರೆ ಬಣ್ಣ ಬಳಿದು, ಟೈಲ್ಸ್ ಹಾಸಿದ್ದನ್ನೇ 'ರಿನೋವೇಟೆಡ್' ಎಂದು ಹೇಳಿ ಮೀಸೆ ತಿರುವುವ ನನ್ನಂಥವರಿಗೆ ಅದು ಸಿಗುವುದಿಲ್ಲ.

ಹಾಗಾದರೆ ನಮ್ಮನ್ನು ಆಳುವುದು ಯಾವುದು? 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ್ದು. ಆದರೆ ಬಾಡಿಗೆದಾರನ ಪರವಾಗಿಯೂ ಅದರಲ್ಲಿ ಮಾತಿದೆ. 108ನೇ ಕಲಮು ಹೇಳುತ್ತದೆ: ಮನೆಯಲ್ಲಿ ಮೇಲ್ನೋಟಕ್ಕೆ ಕಾಣದ ದೋಷವಿದ್ದು ಮಾಲೀಕನಿಗೆ ಅದು ಗೊತ್ತಿದ್ದರೆ, ಅವನು ಹೇಳಲೇಬೇಕು. ನನ್ನ ಹಗೇವು! 1882ರಲ್ಲಿ ಯಾವನೋ ಬಿಳಿಯ ಸಾಹೇಬ ನನ್ನ ಪಡಸಾಲೆಯನ್ನು ನೋಡಿ ಬರೆದಂತಿದೆ. ಅದೇ ಕಲಮು ಇನ್ನೂ ಹೇಳುತ್ತದೆ: ಮಾಲೀಕ ಮಾಡಲೇಬೇಕಾದ ರಿಪೇರಿಯನ್ನು, ನೋಟೀಸು ಕೊಟ್ಟ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಸಹಜ ಸವಕಳಿಗೆ, ಎಂದರೆ ಇದ್ದು ಬಾಳಿದ್ದಕ್ಕೆ ಬಣ್ಣ ಮಾಸಿದರೆ, ಬಾಡಿಗೆದಾರ ಹೊಣೆಯಲ್ಲ. ತಿಂಗಳ ಬಾಡಿಗೆಯ ಮನೆ ಬಿಡಿಸಬೇಕಾದರೆ ಹದಿನೈದು ದಿನದ ನೋಟೀಸು ಕೊಡಬೇಕು, ರಾತ್ರೋರಾತ್ರಿ ಸಾಮಾನು ಹೊರಗೆ ಹಾಕುವಂತಿಲ್ಲ.

ಆದರೆ ಇದಕ್ಕೆಲ್ಲ ಒಂದು ಬಾಲ ಇದೆ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಕರಾರಿನ ಮಾತೇ ನಡೆಯುತ್ತದೆ. ಗೊತ್ತಾಯಿತೇ ಎಲ್ಲಿ ಸಿಕ್ಕಿಬೀಳುತ್ತೀರಿ ಎಂದು? ಕಾಯ್ದೆ ಕೊಟ್ಟದ್ದನ್ನು ಕಾಗದ ಕಸಿದುಕೊಳ್ಳುತ್ತದೆ. ಆ ಕಾಗದ ನಿಮಗೆ ಅರ್ಥವಾಗದ ಭಾಷೆಯಲ್ಲಿರುತ್ತದೆ. ಇನ್ನು ಆ ಹನ್ನೊಂದು ತಿಂಗಳ ಗುಟ್ಟು. ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಹನ್ನೊಂದು ತಿಂಗಳು. ಅದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ.

ಕನ್ನಡದ ಹುಡುಗರು ನೀವು, ನಿಮಗೆ ಇದು ಬೇಕು: 1908ರ ನೋಂದಣಿ ಕಾಯ್ದೆಯ 19ನೇ ಕಲಮು. ನೋಂದಣಿ ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರ ತಂದರೆ, ಬಳಕೆಯ ಭಾಷೆಯ ಅನುವಾದ ಇಲ್ಲದೆ ಅವನು ನೋಂದಾಯಿಸಬಾರದು. ಜಿಲ್ಲೆಯ ಜನರ ಭಾಷೆಯಲ್ಲಿ ಕಾಗದ ಇರಬೇಕೆಂದು ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಕನ್ನಡದಲ್ಲಿ ಬರೆದ ಕರಾರು ನಡೆಯುವುದಿಲ್ಲ ಎಂದು ಯಾವ ಏಜೆಂಟನಾದರೂ ಹೇಳಿದರೆ ಅವನಿಗೆ ಕಾಯ್ದೆ ಗೊತ್ತಿಲ್ಲ, ಇಲ್ಲವೇ ಕನ್ನಡ ಬರೆಯಲು ಬರುವುದಿಲ್ಲ.

ಸ್ಟಾಂಪ್ ಪೇಪರಿನ ಮಾತು ಬಂತೆಂದರೆ ನಮ್ಮ ವೃತ್ತಿಗೆ ಒಂದು ಕಪ್ಪುಚುಕ್ಕೆ ಇದೆ. ಖಾನಾಪುರದ ತೆಲಗಿ ಛಾಪಾ ಕಾಗದವನ್ನೇ ಖೋಟಾ ಅಚ್ಚು ಹಾಕಿದ. 2001ರಲ್ಲಿ ಸಿಕ್ಕಿಬಿದ್ದ, 2007ರಲ್ಲಿ ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ. ಆ ಹಗರಣದ ಮೇಲೆಯೇ ಇ-ಸ್ಟಾಂಪ್ ಬಂದದ್ದು. ಆ ಕಾಲದಲ್ಲಿ ಪ್ರೆಸ್ಸಿನವನು ಎಂದರೆ ಜನ ಒಂದು ಥರ ನೋಡುತ್ತಿದ್ದರು. ಖೋಟಾ ಕಾಗದ ಅಚ್ಚು ಹಾಕಿದವನು ಜೈಲಿಗೆ ಹೋದ. ಓದದ ಕಾಗದ ಅಚ್ಚು ಹಾಕಿದ ನನಗೆ ಯಾರೂ ಏನೂ ಅನ್ನಲಿಲ್ಲ.

ಆ ಹುಡುಗನನ್ನು ಹುಡುಕಿದೆ. ಹಾವೇರಿಯ ಬಸವೇಶ್ವರ ನಗರದಲ್ಲಿ ಇದ್ದ. ಹದಿನಾಲ್ಕು ಸಾವಿರ ತೆಗೆದುಕೊಂಡು ಹೋದೆ. ಹಗೇವಿನ ಸಂಗತಿ ಪೂರ್ತಿ ಹೇಳಿದೆ. ಅವನು ನೋಟು ಎಣಿಸಿದ. ಎಣಿಸಿದ್ದು ನನಗೆ ಒಳ್ಳೆಯದೇ ಅನ್ನಿಸಿತು. "ನನಗ ಅವತ್ತ ಗೊತ್ತಿತ್ರೀ" ಎಂದ. "ಬಾಜೂ ಮನಿ ಅಜ್ಜಿ ಹೇಳಿದ್ಲು, ಅಲ್ಲಿ ಹಗೇವು ಇತ್ತು ಅಂತ. ನೀವು ಹೇಳತೀರೇನೋ ಅಂತ ಕಾದೆ." ಹೆಂಡತಿ ಚಹಾ ತಂದಿಟ್ಟಳು. ಕೂಸು ದೊಡ್ಡದಾಗಿತ್ತು, ನನ್ನ ಚಪ್ಪಲಿ ಹಾಕಿಕೊಂಡು ಆಡುತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಪ್ರಾಯಶ್ಚಿತ್ತ ಮಾಡಿಕೊಂಡ ಸಜ್ಜನ ಎನಿಸಿಕೊಳ್ಳಬಹುದಿತ್ತು. ಇನ್ನೊಂದಿದೆ. ಇದನ್ನು ಹೇಳಲೆಂದೇ ಬಂದದ್ದು.

ಆ ಹುಡುಗ ಬಿಟ್ಟುಹೋದ ಮೇಲೆ, 2019ರ ಅಕ್ಟೋಬರಿನಲ್ಲಿ, ನೆಲ ಗಟ್ಟಿಮಾಡಿಸಿ ಮತ್ತೆ ಬೋರ್ಡು ಹಾಕಿದೆ. ಬೋರ್ಡಿನ ಮೇಲೆ ಏನು ಬರೆಸಿದ್ದೆ ಗೊತ್ತೇ? 'ಮನೆ ಬಾಡಿಗೆಗೆ ಇದೆ. ಶಾಖಾಹಾರಿಗಳಿಗೆ ಮಾತ್ರ.' ಓಣಿಯ ಹಿರಿಯರ ಒತ್ತಾಯ, ನನ್ನ ಒಪ್ಪಿಗೆ. ನಿಮಗೆ ಗೊತ್ತಿದೆ, ಅದು ಊಟದ ಮಾತಲ್ಲ. ಜಾತಿ ಎಂದು ಬರೆಯಲು ನಾಚಿಕೆ, ಅದಕ್ಕೆ ಪಲ್ಯದ ಹೆಸರು.

ನಮ್ಮ ಪ್ರೆಸ್ಸಿಗೆ ಒಬ್ಬ ಮಾಸ್ತರು ಬರುತ್ತಿದ್ದರು. ಕಾಲೇಜಿನಲ್ಲಿ ಕನ್ನಡ ಕಲಿಸುವವರು. ಸಂಜೆ ಬಂದು ಕುಳಿತು ಕರಡು ತಿದ್ದಿಕೊಡುತ್ತಿದ್ದರು, ದುಡ್ಡು ಕೊಟ್ಟರೆ ಬೇಡ ಎನ್ನುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣ ಎಲ್ಲಿ ತಪ್ಪಿದರೂ ಅವರ ಕೆಂಪು ಪೆನ್ನು ಬಿಡುತ್ತಿರಲಿಲ್ಲ. ಈ ಊರಿನ ಎಷ್ಟೋ ರಾಜ್ಯೋತ್ಸವದ ಕರಪತ್ರಗಳು ತಪ್ಪಿಲ್ಲದೆ ಹೊರಬಂದದ್ದು ಅವರಿಂದ. ಆ ಬೋರ್ಡಿನ ಕರಡು ಮೇಜಿನ ಮೇಲಿತ್ತು. ಅವರು ಅಭ್ಯಾಸದಂತೆ ಕೈಗೆತ್ತಿಕೊಂಡರು. 'ಖಾ'ಕ್ಕೆ ಅಡ್ಡಗೆರೆ ಎಳೆದು 'ಕಾ' ಮಾಡಿದರು. "ಶಾಖಾ ಅಂದ್ರ ಕೊಂಬಿ. ಶಾಕ ಅಂದ್ರ ಕಾಯಿಪಲ್ಯ. ಶಾಕಾಹಾರಿ ಅಂತ ಮಾಡ್ರಿ" ಎಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, "ಈ ಮನಿ ನನಗ ಕೊಡ್ತೀರೇನು? ಈಗಿರೋ ಮನಿ ಬಿಡಬೇಕಾಗೇತಿ" ಎಂದು ಕೇಳಿದರು.

ಅವರ ಜಾತಿ ಏನೆಂದು ನಾನು ಇಲ್ಲಿ ಹೇಳುವುದಿಲ್ಲ. ಅವತ್ತು ನನಗೆ ಗೊತ್ತಿತ್ತು, ಅಷ್ಟು ಸಾಕು. "ಮಾಸ್ತರ್ರ, ಒಬ್ಬರಿಗೆ ಮಾತು ಕೊಟ್ಟೇನ್ರಿ" ಎಂದು ಸುಳ್ಳು ಹೇಳಿದೆ. ಅವರು ಬೋರ್ಡಿನ ಕರಡನ್ನು ನೋಡಿದರು. ಮಾತು ಕೊಟ್ಟ ಮೇಲೆ ಬೋರ್ಡು ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕರಡು ಮಡಚಿ ಇಟ್ಟು, "ಕಾ ಮಾತ್ರ ಮರೀಬ್ಯಾಡ್ರಿ" ಎಂದು ಹೋದರು.

ಗೆಳೆಯರೇ, ನಮ್ಮ ಜಿಲ್ಲೆಯವರೆಂದು ಎದೆ ತಟ್ಟಿಕೊಂಡು ನಾವು ಹೇಳುವ ಹೆಸರುಗಳು ಯಾವುವು? ಬಾಡದ ಕನಕದಾಸರು. ಸರ್ವಜ್ಞ. ಶಿಶುನಾಳದ ಶರೀಫರು. ಫ್ಲೆಕ್ಸ್ ಮೇಲೆ ಮೂವರ ಚಿತ್ರವನ್ನೂ ನಾನೇ ಹಾಕಿಕೊಟ್ಟಿದ್ದೇನೆ. ಈ ಮೂವರೂ ಇವತ್ತು ಗಂಟು ಕಟ್ಟಿಕೊಂಡು ನಮ್ಮ ಓಣಿಗೆ ಬಂದು, "ಮನಿ ಖಾಲಿ ಐತೇನ್ರಿ?" ಎಂದರೆ ನಾವು ಏನು ಕೇಳುತ್ತೇವೆ? "ಅಡ್ಡಹೆಸರೇನ್ರಿ ತಮ್ಮದು?" ಶರೀಫರಿಗೆ ಗೋವಿಂದಭಟ್ಟರು ಜನಿವಾರ ಹಾಕಿದ ಕಥೆ ಹೇಳಿ ಕಣ್ಣೀರು ಸುರಿಸುವ ನಾವು, ಶರೀಫರಿಗೆ ಎರಡು ಕೋಣೆಯ ಮನೆ ಕೊಡುತ್ತೇವೆಯೇ? ಕನ್ನಡಿಗರೆಲ್ಲ ಒಂದು ಎಂದು ಸರ್ಕಲ್ಲಿನಲ್ಲಿ ಕೂಗಿ, ಓಣಿಗೆ ಬಂದು ಕನ್ನಡಿಗನ ಮುಖಕ್ಕೆ ಬಾಗಿಲು ಹಾಕುವವರು ನಾವೇ ಅಲ್ಲವೇ? ನಿಮ್ಮನ್ನು ಬೈಯುತ್ತಿಲ್ಲ. ನನ್ನ ಬೋರ್ಡಿನ ಮಾತು ಹೇಳುತ್ತಿದ್ದೇನೆ.

ಕಾಯ್ದೆ ಇಲ್ಲವೇ ಎಂದರೆ, ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯದಂತೆ ತಡೆಯುವುದು ಅಪರಾಧ ಎನ್ನುತ್ತದೆ. ಆದರೆ "ಒಬ್ಬರಿಗೆ ಮಾತು ಕೊಟ್ಟೇನ್ರಿ" ಎನ್ನುವ ಸುಳ್ಳನ್ನು ಯಾವ ಪೊಲೀಸ ಹಿಡಿಯುತ್ತಾನೆ?

ಓಣಿಯವರು ಮೆಚ್ಚುವ 'ನಮ್ಮವರೇ' ಒಬ್ಬರು ಬಂದರು. ಶುದ್ಧ ಶಾಕಾಹಾರಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಲಗ್ನಪತ್ರಿಕೆ ನಿಂತವು, ಪ್ರೆಸ್ಸಿಗೆ ಬೀಗ. ಆ ನಮ್ಮವರು ನಾಲ್ಕು ತಿಂಗಳ ಬಾಡಿಗೆ ಉಳಿಸಿಕೊಂಡು, ಕೀಲಿಕೈಯನ್ನೂ ಒಯ್ದುಬಿಟ್ಟರು. ಕಷ್ಟಕಾಲ, ಬಾಡಿಗೆ ಕೊಡಲಾಗದಿದ್ದುದಕ್ಕೆ ನನಗೆ ಸಿಟ್ಟಿಲ್ಲ. ಕೀಲಿಕೈ ಯಾಕೆ ಬೇಕಿತ್ತೋ!

ಬ್ಯಾಡಗಿಯ ತಂಗಿ ನನಗಿಂತ ಜಾಣೆ. ಅವರ ಮನೆಯ ಮಾಳಿಗೆಯ ಮೇಲಿನ ಎರಡು ಕೋಣೆಯನ್ನು ಮೆಣಸಿನಕಾಯಿ ಸುಗ್ಗಿಗೆ ಬಾಡಿಗೆ ಕೊಡುತ್ತಾಳೆ. ಸೋಮವಾರ, ಗುರುವಾರ ಮಾರುಕಟ್ಟೆ. ಆಂಧ್ರದ ಕಡೆಯಿಂದ ವ್ಯಾಪಾರಿಯ ಗುಮಾಸ್ತನೊಬ್ಬ ಡಿಸೆಂಬರಿಗೆ ಬಂದು ಬೇಸಿಗೆಗೆ ಹೋಗುತ್ತಾನೆ. ಅವಳು ಅವನ ಜಾತಿ ಕೇಳಿಲ್ಲ. ಕೇಳಿದ್ದು ಎರಡು: ಮೆಣಸಿನಕಾಯಿ ಚೀಲ ಮನೆಯಲ್ಲಿ ಇಡಬಾರದು, ಐದನೇ ತಾರೀಖಿನೊಳಗೆ ಬಾಡಿಗೆ ಕೊಡಬೇಕು. ಕರಾರನ್ನು ನೋಟುಬುಕ್ಕಿನ ಹಾಳೆಯಲ್ಲಿ ಕನ್ನಡದಲ್ಲೇ ಬರೆದಳು. ತೆಲುಗು ಓದು ಬಲ್ಲವನಿಗೆ ಕನ್ನಡದ ಅಕ್ಷರ ಎಷ್ಟು ದೂರ? ಬೆರಳಿಟ್ಟು ಓದಿ, ಎರಡು ಮಾತು ಕೇಳಿ ತಿಳಿದುಕೊಂಡು ಸಹಿ ಮಾಡಿದ. ಈಗ ನಮ್ಮಂತೆಯೇ ಮಾತಾಡುತ್ತಾನೆ. ಬೆಂಗಳೂರಿನ ನಮೂನೆ ನಾವು ಇಂಗ್ಲಿಷಿನಲ್ಲಿ ಮಾಡಿಕೊಂಡೆವು, ಆಂಧ್ರದವನು ಕನ್ನಡದಲ್ಲಿ ಸಹಿ ಹಾಕಿದ. ಹೇಗಿದೆ ನೋಡಿ! ಅಂದಹಾಗೆ, ಬ್ಯಾಡಗಿಯಲ್ಲಿ ಮನೆ ನೋಡುವುದಾದರೆ ಫೆಬ್ರುವರಿಯಲ್ಲಿ ನೋಡಿ. ಆಗಸ್ಟಿನಲ್ಲಿ ನೋಡಿ ಮೆಚ್ಚಿ ಬಂದವರು ಸುಗ್ಗಿಯ ಘಾಟಿಗೆ ಸೀನಿ ಸೀನಿ ಬಿಟ್ಟುಹೋಗಿದ್ದಾರೆ. ಹಾಗೆಯೇ ಹಾವೇರಿ, ರಾಣೆಬೆನ್ನೂರಿನಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾಲೀಕನನ್ನು ಕೇಳಬೇಡಿ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಅಟ್ಟದ ಮೇಲಿನ ಸಿಂಟೆಕ್ಸ್ ಎಷ್ಟು ದೊಡ್ಡದೋ ನಳ ಅಷ್ಟು ಅಪರೂಪ ಎಂದು ತಿಳಿಯಿರಿ.

ಕರೆಂಟಿನ ಒಂದು ಮಾತು. ಗೃಹಜ್ಯೋತಿ 2023ರ ಜುಲೈನಿಂದ ಬಂತು, ತಿಂಗಳಿಗೆ 200 ಯೂನಿಟ್ ತನಕ ಉಚಿತ, ಬಾಡಿಗೆದಾರರಿಗೂ ಉಂಟು. ಮಾಲೀಕರು ಹೆದರಿದರು, ಆರ್‌ಆರ್ ನಂಬರಿಗೆ ಬಾಡಿಗೆದಾರನ ಆಧಾರ್ ಜೋಡಿಸಿದರೆ ನಾಳೆ ಮನೆಯೇ ಅವನದಾಗುತ್ತದೆ ಎಂದು! ನನ್ನ ಅಂಗಡಿಯಲ್ಲೇ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಹಾಗೇನೂ ಆಗುವುದಿಲ್ಲ. ಮನೆ ಬಿಟ್ಟಾಗ ಜೋಡಣೆ ಬಿಡಿಸಿಕೊಳ್ಳುವ ವ್ಯವಸ್ಥೆಯನ್ನೂ ಆಮೇಲೆ ಮಾಡಿದರು. ಆದರೆ ರಿಪೇರಿ ಮಾಡಿಸಿ ಹೊಸ ಮೀಟರ್ ಹಾಕಿಸಿದ ಮನೆಗೆ ಹಿಂದಿನ ವರ್ಷದ ಬಳಕೆಯ ಲೆಕ್ಕ ಇರುವುದಿಲ್ಲವಲ್ಲ, ಅಂಥವರಿಗೆ ಸರ್ಕಾರ ಸರಾಸರಿ 53 ಯೂನಿಟ್, ಅದರ ಮೇಲೆ ಶೇಕಡಾ 10 ಎಂದು ಹಿಡಿಯಿತು. 200 ಎಂದು ನಂಬಿ ಫ್ಯಾನು ಬಿಟ್ಟುಕೊಂಡು ಮಲಗಿದವರಿಗೆ ಬಿಲ್ಲು ಬಂತು. ಆರ್‌ಆರ್ ನಂಬರು, ಮೀಟರ್ ಯಾವಾಗಿನದು, ಅವತ್ತಿನ ರೀಡಿಂಗ್ ಎಷ್ಟು, ಮೂರನ್ನೂ ಕರಾರಿನಲ್ಲಿ ಬರೆಸಿ.

2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಎಂದು ಒಂದು ಮಾಡಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಇಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಕೇಳಲು ಸಿಹಿ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತಾನೇ ಕಾಯ್ದೆ ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ನಿಮ್ಮ ಸಂಘಟನೆ ವಿಧಾನಸೌಧಕ್ಕೆ ಬರೆಯುವ ಮನವಿಗಳಲ್ಲಿ ಇದನ್ನೂ ಒಂದು ಸಾಲು ಸೇರಿಸಿ, ಅಚ್ಚು ನಾನು ಹಾಕಿಕೊಡುತ್ತೇನೆ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ದೊಡ್ಡರಂಗೇಗೌಡರು ಅಧ್ಯಕ್ಷರು. ಪುಸ್ತಕದ ಮಳಿಗೆಗಳ ನಡುವೆ ಧೂಳಿನಲ್ಲಿ ಮಾಸ್ತರು ಸಿಕ್ಕರು. ಆ ಅಕ್ಟೋಬರಿನ ಮೇಲೆ ಅವರು ನಮ್ಮ ಪ್ರೆಸ್ಸಿಗೆ ಬಂದಿರಲಿಲ್ಲ, ನಮ್ಮ ಕರಪತ್ರಗಳಲ್ಲಿ ತಪ್ಪುಗಳೂ ಹೆಚ್ಚಾಗಿದ್ದವು. ನಾನು, "ಅವತ್ತ ಸುಳ್ಳು ಹೇಳಿದ್ದೆ ಮಾಸ್ತರ್ರ" ಎಂದೆ. "ಗೊತ್ತಿತ್ತು ಬಿಡ್ರಿ" ಎಂದರು. ಇಬ್ಬರೂ ಇದನ್ನೇ ಅಂದರು ನೋಡಿ, ಆ ಹುಡುಗನೂ, ಮಾಸ್ತರೂ. ನಾವು ಮುಚ್ಚಿಟ್ಟದ್ದು ಎಲ್ಲರಿಗೂ ಗೊತ್ತಿರುತ್ತದೆ, ನಾವು ಹೇಳುತ್ತೇವೇನೋ ಎಂದು ಕಾಯುತ್ತಿರುತ್ತಾರೆ. ಈಗ ಮನೆ ಖಾಲಿ ಇದೆ, ಬರ್ರಿ ಎಂದೆ. ಅವರು ಹಾವೇರಿಯಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದರು. "ತಡಾ ಆತು" ಎಂದರು, ಸಿಟ್ಟಿಲ್ಲದೆ. ಆಮೇಲೆ ಇಬ್ಬರೂ ಸಾಲಿನಲ್ಲಿ ನಿಂತು ರೊಟ್ಟಿ ಊಟ ಮಾಡಿದೆವು.

ಮರುವಾರ ಆ ಇಂಗ್ಲಿಷ್ ಫಾರ್ಮಿನ ಪ್ಲೇಟು ಒಡೆದುಹಾಕಿದೆ. ಆ ವಕೀಲರು ಹೇಳಿದಂತೆ ಕನ್ನಡದಲ್ಲಿ ಎರಡು ಪುಟದ ಹೊಸ ಕರಾರು ಪತ್ರ ಜೋಡಿಸಿದೆ. ಡಿಪಾಜಿಟ್ ಯಾವ ದಿನದೊಳಗೆ ವಾಪಸು, ಯಾವ ರಿಪೇರಿ ಯಾರದು, ಬಣ್ಣದ ಖರ್ಚು ಯಾರದು, ಎಲ್ಲಕ್ಕೂ ಖಾಲಿ ಜಾಗ ಇದೆ, ಇಬ್ಬರೂ ಕೂತು ಮಾತಾಡಿ ತುಂಬಬೇಕು. ಮೂರನೆಯ ಸಾಲು ಹೀಗಿದೆ: 'ಈ ಮನೆಯಲ್ಲಿ ನನಗೆ ತಿಳಿದಿರುವ, ಹೊರಗೆ ಕಾಣದ ದೋಷಗಳು ಇವು.' ಅದರ ಕೆಳಗೆ ನಾಲ್ಕು ಗೆರೆ ಖಾಲಿ. ಕರಡನ್ನು ಹಾವೇರಿಗೆ ಒಯ್ದು ಮಾಸ್ತರಿಗೆ ಕೊಟ್ಟೆ. ಅವರು ಹದಿನಾರು ಕಡೆ ಕೆಂಪು ಮಾಡಿದರು. 'ತತ್ಸಂಬಂಧಿತ', 'ಮೇಲ್ಕಾಣಿಸಿದ', 'ಸದರಿ' ಎಂದೆಲ್ಲ ನಾನು ಹಾಕಿದ್ದೆ, ಕಾಗದಕ್ಕೆ ತೂಕ ಬರಲಿ ಎಂದು. ಎಲ್ಲವನ್ನೂ ಹೊಡೆದುಹಾಕಿ, "ಇದೂ ಇಂಗ್ಲಿಷೇ ಅಲ್ಲೇನ್ರಿ? ತಿಳಿಯೂ ಹಂಗ ಬರೀರಿ" ಎಂದರು.

ನಮ್ಮ ಹಳೇ ಮನೆಯಲ್ಲಿ ಈಗ ಒಂದು ಸಂಸಾರ ಇದೆ. ಆ ನಾಲ್ಕು ಗೆರೆಗಳಲ್ಲಿ ಮೊದಲನೆಯದರಲ್ಲಿ 'ಪಡಸಾಲೆಯ ಬಲಮೂಲೆಯಲ್ಲಿ ಹಗೇವು ಇತ್ತು, 2019ರಲ್ಲಿ ಕಾಂಕ್ರೀಟ್ ತುಂಬಿಸಿದೆ' ಎಂದು ನನ್ನ ಕೈಯಿಂದಲೇ ಬರೆದುಕೊಟ್ಟೆ. ಯಾರು ಬಂದಾರ, ಯಾವ ಪೈಕಿ ಎಂದು ಓಣಿಯ ಹಿರಿಯರು ಕೇಳಿದರು. "ಒಂದನೇ ತಾರೀಖಿಗೆ ಬಾಡಿಗಿ ಕೊಡೂ ಪೈಕಿ" ಎಂದೆ. ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದರು. ಈಗ ಆ ಮನೆಯ ಹೆಣ್ಣುಮಗಳ ಹತ್ತಿರ ಬಿಪಿ ನೋಡಿಸಿಕೊಳ್ಳಲು ಹೋಗುತ್ತಾರೆ, ಆಕೆ ಆಸ್ಪತ್ರೆಯಲ್ಲಿ ನರ್ಸ್.

ಆ ಫಾರ್ಮು ಹೊರಗೆ ಮೇಜಿನ ಮೇಲೆ ಇಟ್ಟಿದ್ದೇನೆ. ಇವತ್ತು ದುಡ್ಡು ಬೇಡ, ಎರಡೆರಡು ತೆಗೆದುಕೊಳ್ಳಿ, ಒಂದು ನಿಮಗೆ, ಒಂದು ನಿಮ್ಮ ಮಾಲೀಕರಿಗೆ. ನಾಳೆ ಮತ್ತೆ ಐನೂರು ಹಾಕಬೇಕು. ಎಲ್ಲಾದರೂ ತಪ್ಪು ಕಂಡರೆ ಸಂಜೆಯೊಳಗೆ ಪ್ರೆಸ್ಸಿಗೆ ಬಂದು ಹೇಳಿ, ತಿದ್ದಿಯೇ ಮೆಷಿನ್ ಹಚ್ಚುತ್ತೇನೆ.